ಮತವಿಲ್ಲದ ಪ್ರಾತಿನಿಧ್ಯ: ಅಹಮದಾಬಾದಿನ ಮಜೂರ್ ಮಹಾಜನ ಸಂಘ ಮತ್ತು 1946ರ ಮುಂಬಯಿ ಕಾಯ್ದೆ

ಅಹಮದಾಬಾದಿನ ಮಜೂರ್ ಮಹಾಜನ ಸಂಘದ ಚರಿತ್ರೆಯನ್ನು ಬರೆದವರು, ಅದರ ಅಭಿಮಾನಿಗಳಿರಲಿ ಟೀಕಾಕಾರರಿರಲಿ, ಒಂದು ಮಾತನ್ನು ಹೆಚ್ಚು ಚರ್ಚೆಯಿಲ್ಲದೆ ಒಪ್ಪಿಕೊಂಡು ಬಂದಿದ್ದಾರೆ. ಸಂಘವು ಮೊದಲು ಗಿರಣಿಗಳ ಒಳಗೆ ತನ್ನ ಬಲದಿಂದಲೇ ಕಾರ್ಮಿಕರ ಏಕೈಕ ಪ್ರತಿನಿಧಿಯಾಗಿ ಬೆಳೆಯಿತು, ಕಾನೂನು ಆಮೇಲೆ ಬಂದು ಆ ಬೆಳವಣಿಗೆಗೆ ಮುದ್ರೆ ಒತ್ತಿತು ಎಂಬುದೇ ಆ ಮಾತು. ಈ ಕ್ರಮವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಕೆಲವು ಕಲಮುಗಳನ್ನು ಸಂಘದ ನಡವಳಿಕೆಯ ಪಕ್ಕದಲ್ಲಿಟ್ಟು ಓದಿದರೆ, ಕಾನೂನು ಇದ್ದುದನ್ನು ಗುರುತಿಸಿದ್ದಷ್ಟೇ ಅಲ್ಲ, ಇಲ್ಲದ ಏಕಸ್ವಾಮ್ಯವನ್ನು ಕಟ್ಟಿಕೊಟ್ಟಿತು ಎನ್ನಲು ಸಾಕಷ್ಟು ಆಧಾರ ಸಿಗುತ್ತದೆ.

ಒಪ್ಪಿತ ಸಂಗತಿಗಳನ್ನು ಮೊದಲು ಚುಟುಕಾಗಿ ಹೇಳಬಹುದು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ಗಿರಣಿ ಮಾಲೀಕರು ನಿಲ್ಲಿಸಿದ್ದರಿಂದ 1918ರ ಫೆಬ್ರವರಿಯಲ್ಲಿ ವಿವಾದ ಭುಗಿಲೆದ್ದಿತು. ಮಾಲೀಕರು ಶೇ. 20ರಷ್ಟು ಏರಿಕೆಗೆ ಸಿದ್ಧರಿದ್ದರು, ಕಾರ್ಮಿಕರು ಶೇ. 35 ಕೇಳಿದರು. ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಸಹೋದರಿ ಅನಸೂಯಾ ಸಾರಾಭಾಯಿ. ಮುಷ್ಕರ ನಡೆದಿರುವಾಗಲೇ ಮಾರ್ಚ್ 15ರಂದು ಗಾಂಧೀಜಿ ಕಾರ್ಮಿಕರ ಪರವಾಗಿ ಉಪವಾಸ ಕೈಗೊಂಡರು. ಮೂರು ದಿನಗಳಲ್ಲಿ ರಾಜಿಯಾಯಿತು. ಮಧ್ಯಸ್ಥರಾಗಿ ನೇಮಕಗೊಂಡ ಆನಂದಶಂಕರ ಧ್ರುವ ಅವರು ಶೇ. 35ಕ್ಕೇ ತೀರ್ಪಿತ್ತರು. 1920ರ ಫೆಬ್ರವರಿಯಲ್ಲಿ ಸಂಘ ಸ್ಥಾಪನೆಯಾಯಿತು. 1922ರಿಂದ ಗುಲ್ಜಾರಿಲಾಲ್ ನಂದಾ ಕಾರ್ಯದರ್ಶಿಯಾಗಿ ಅದರ ಕಚೇರಿಯನ್ನು ಕಟ್ಟಿದರು. ಮಹದೇವ ದೇಸಾಯಿಯವರ ಸಮಕಾಲೀನ ವೃತ್ತಾಂತವೂ ಎರಿಕ್ ಎರಿಕ್‌ಸನ್ ಅವರ 1969ರ ಮನೋವೈಜ್ಞಾನಿಕ ಅಧ್ಯಯನವೂ ಈ ಮುಷ್ಕರವನ್ನೇ ಕೇಂದ್ರದಲ್ಲಿಟ್ಟಿವೆ. ಕೆನೆತ್ ಗಿಲಿಯನ್ ನಗರದ ವರ್ತಕ ಪರಂಪರೆಯ ಸಾತತ್ಯಕ್ಕೆ ಒತ್ತು ಕೊಟ್ಟರು. ಸುಜಾತಾ ಪಟೇಲ್ 1987ರ ತಮ್ಮ ಗ್ರಂಥದಲ್ಲಿ ವಿವರಣೆಯನ್ನು ಗಾಂಧೀಜಿಯ ವ್ಯಕ್ತಿತ್ವದಿಂದ ಉದ್ಯಮದ ಆರ್ಥಿಕತೆ ಮತ್ತು ಮಾಲೀಕರ ತಂತ್ರಗಳ ಕಡೆಗೆ ತಿರುಗಿಸಿದರು. ಯಾನ್ ಬ್ರೆಮನ್ 2004ರಲ್ಲಿ ಈ ಕಾರ್ಮಿಕ ವರ್ಗದ ಹುಟ್ಟು ಮತ್ತು ವಿಘಟನೆ ಎರಡನ್ನೂ ಒಂದೇ ಹರಹಿನಲ್ಲಿ ಬರೆದರು. ಇವರೆಲ್ಲರ ಋಣ ಈ ಲೇಖನದ ಮೇಲಿದೆ. ಭಿನ್ನಾಭಿಪ್ರಾಯವಿರುವುದು ಒಂದೇ ವಿಷಯದಲ್ಲಿ: 1918ರ ರಾಜಿಯಿಂದ ಸಂಘದ ಪ್ರಾತಿನಿಧ್ಯದ ಹಕ್ಕಿಗೆ ನೇರ ಗೆರೆ ಎಳೆಯಬಹುದೇ?

ಎಳೆಯಲಾಗದು ಎನ್ನುವುದಕ್ಕೆ ಮೊದಲ ಸಾಕ್ಷ್ಯ 1923. ಆ ವರ್ಷ ಮಾಲೀಕರು ಕೂಲಿಯಲ್ಲಿ ಶೇ. 20ರಷ್ಟು ಕಡಿತ ಘೋಷಿಸಿದರು. ಗಾಂಧೀಜಿ ಆಗ ಸೆರೆಮನೆಯಲ್ಲಿದ್ದರು. ಸಂಘ ಮಧ್ಯಸ್ಥಿಕೆಗೆ ಒತ್ತಾಯಿಸಿತು, ಮಾಲೀಕರು ಒಪ್ಪಲಿಲ್ಲ. ಎರಡು ತಿಂಗಳ ಮುಷ್ಕರದ ಕೊನೆಗೆ ಶೇ. 15ಕ್ಕೂ ತುಸು ಹೆಚ್ಚಿನ ಕಡಿತವನ್ನು ಕಾರ್ಮಿಕರು ಒಪ್ಪಿಕೊಳ್ಳಬೇಕಾಯಿತು. ಸದಸ್ಯತ್ವ ಕುಸಿಯಿತು. ಮಧ್ಯಸ್ಥಿಕೆಯ ವ್ಯವಸ್ಥೆ ಊರಿನ ಪರಂಪರೆಯಲ್ಲಿ ಬೇರೂರಿದ್ದರೆ, ಅಥವಾ 1918ರಲ್ಲೇ ಮಾಲೀಕರ ಮನಸ್ಸಿನಲ್ಲಿ ನೆಲೆಗೊಂಡಿದ್ದರೆ, ಒಬ್ಬ ವ್ಯಕ್ತಿ ಇಲ್ಲದಾಗ ಅದು ಇಷ್ಟು ಸುಲಭವಾಗಿ ಮುರಿದುಬೀಳುತ್ತಿರಲಿಲ್ಲ. ಗಿಲಿಯನ್ ಅವರ ವಾದಕ್ಕೂ ಎರಿಕ್‌ಸನ್ ಅವರ ವಾದವನ್ನು ಸಂಘದ ಚರಿತ್ರೆಗೆ ವಿಸ್ತರಿಸುವವರಿಗೂ ಈ ಐದು ವರ್ಷಗಳ ಅಂತರ ಕಠಿಣ ಪ್ರಶ್ನೆಯೇ ಸರಿ.

ಎರಡನೆಯ ಸಾಕ್ಷ್ಯ ಗಿರಣಿಯ ಒಳಗೇ ಇದೆ. ಸಂಘದ ಗಟ್ಟಿ ನೆಲೆ ನೂಲುವ ವಿಭಾಗ. ಅಲ್ಲಿನ ಕಾರ್ಮಿಕರಲ್ಲಿ ದಲಿತರು ಬಹುಸಂಖ್ಯಾತರು. ನೇಯ್ಗೆಯ ವಿಭಾಗದಲ್ಲಿ ಮುಸ್ಲಿಮರು ಮತ್ತು ಪಾಟೀದಾರರಂಥ ಸವರ್ಣ ಹಿಂದೂಗಳು. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಯಲ್ಲಿ ಎಳೆದುಕೊಳ್ಳುವುದು ಆಗಿನ ನೇಕಾರರ ರೂಢಿ. ದಲಿತನ ಬಾಯಿ ತಾಗಿದ ಲಾಳಿ ಮೈಲಿಗೆ ಎಂಬ ನೆಪದಲ್ಲಿ, ಹೆಚ್ಚು ಕೂಲಿಯ ಈ ವಿಭಾಗದಿಂದ ದಲಿತರನ್ನು ಹೊರಗಿಡಲಾಗಿತ್ತು. ಕುಡಿಯುವ ನೀರಿನ ಮಡಕೆಗಳೂ ಬೇರೆ. ಸಂಘ ಅಸ್ಪೃಶ್ಯತೆಯನ್ನು ಮಾತಿನಲ್ಲಿ ಖಂಡಿಸಿತು, ದಲಿತ ಮಕ್ಕಳಿಗೆ ಶಾಲೆ ನಡೆಸಿತು, ಆಸ್ಪತ್ರೆಯನ್ನೂ ತೆರೆಯಿತು. ಆದರೆ ಅದರ ರಚನೆಯೇ ಕಸುಬಿಗೊಂದು ಉಪಸಂಘ ಎಂಬಂತಿತ್ತು; ಕಸುಬಿನ ಗಡಿ ಬಹುಮಟ್ಟಿಗೆ ಜಾತಿಯ ಗಡಿಯೂ ಆಗಿದ್ದರಿಂದ ಗೋಡೆ ಹಾಗೆಯೇ ಉಳಿಯಿತು. ನೇಕಾರರ ನಡುವೆ ಸಂಘದ ಹಿಡಿತ ಯಾವಾಗಲೂ ಸಡಿಲವಾಗಿತ್ತು. 1937ರಲ್ಲಿ ಕಮ್ಯುನಿಸ್ಟ್ ನಾಯಕತ್ವದ ಪ್ರತಿಸ್ಪರ್ಧಿ ಸಂಘಕ್ಕೆ ಅಲ್ಲಿ ಜಾಗ ಸಿಕ್ಕಿದ್ದು ಆಶ್ಚರ್ಯವಲ್ಲ. ಹೀಗಿರುವಾಗ, 1930ರ ದಶಕದ ಕೊನೆಯಲ್ಲಿ ಮಜೂರ್ ಮಹಾಜನವು ಅಹಮದಾಬಾದಿನ ಗಿರಣಿ ಕಾರ್ಮಿಕರ ಅತಿ ದೊಡ್ಡ ಸಂಘವಾಗಿತ್ತು ಎನ್ನಬಹುದು. ಏಕೈಕ ಪ್ರತಿನಿಧಿಯಾಗಿತ್ತು ಎನ್ನುವುದು ಬೇರೆಯೇ ಮಾತು, ಅದು ಇನ್ನೂ ಸಾಬೀತಾಗಬೇಕಿತ್ತು.

ಅದನ್ನು ಸಾಬೀತುಪಡಿಸುವ ಹೊರೆಯನ್ನೇ ಕಾನೂನು ಇಳಿಸಿತು ಎಂಬುದು ನನ್ನ ಮುಖ್ಯ ವಾದ. ಕಾಲಾನುಕ್ರಮವನ್ನು ಗಮನಿಸಬೇಕು. 1937ರಲ್ಲಿ ಬಿ. ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂತು. ಕಾರ್ಮಿಕ ವಿಷಯಗಳ ಸಂಸದೀಯ ಕಾರ್ಯದರ್ಶಿಯಾದವರು ಮಜೂರ್ ಮಹಾಜನದ ಕಾರ್ಯದರ್ಶಿ ನಂದಾ ಅವರೇ. 1938ರಲ್ಲಿ ಮುಂಬಯಿ ಕೈಗಾರಿಕಾ ವಿವಾದಗಳ ಮಸೂದೆ ಬಂದಾಗ ಡಾ. ಅಂಬೇಡ್ಕರರು ಶಾಸನಸಭೆಯಲ್ಲಿ ಅದನ್ನು ಬಲವಾಗಿ ವಿರೋಧಿಸಿದರು. ಮುಷ್ಕರದ ಹಕ್ಕನ್ನು ಸ್ವಾತಂತ್ರ್ಯದ ಹಕ್ಕಿನಿಂದ ಬೇರ್ಪಡಿಸಲಾಗದು ಎಂಬುದು ಅವರ ನಿಲುವು. ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಮತ್ತು ಕಮ್ಯುನಿಸ್ಟರು ಒಟ್ಟಾಗಿ ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ನಡೆಸಿದರು. ಮಸೂದೆ ಕಾಯ್ದೆಯಾಯಿತು. 1946ರಲ್ಲಿ ಕಾಂಗ್ರೆಸ್ ಮರಳಿ ಅಧಿಕಾರ ಹಿಡಿದಾಗ ನಂದಾ ಪ್ರಾಂತದ ಕಾರ್ಮಿಕ ಮಂತ್ರಿಯಾದರು. ಹಿಂದಿನ ಕಾಯ್ದೆಯ ಜಾಗಕ್ಕೆ ಬಂದ 1946ರ ಕಾಯ್ದೆ ಅವರ ಕೈಯಲ್ಲೇ ರೂಪುಗೊಂಡಿತು.

ಈ ಕಾಯ್ದೆಯ ಎರಡು ಪರಿಕಲ್ಪನೆಗಳನ್ನು ನಿಧಾನವಾಗಿ ಓದಬೇಕು. ಒಂದು ‘ಪ್ರಾತಿನಿಧಿಕ ಸಂಘ’. ಒಂದು ಸ್ಥಳೀಯ ಪ್ರದೇಶದ ಒಂದು ಉದ್ಯಮದಲ್ಲಿ ನಿಗದಿತ ಪ್ರಮಾಣದ ಕಾರ್ಮಿಕರು ಸದಸ್ಯರಾಗಿರುವ ಸಂಘವನ್ನು ರಿಜಿಸ್ಟ್ರಾರ್ ಹಾಗೆಂದು ನೋಂದಾಯಿಸುತ್ತಾರೆ. ಆ ಪ್ರಮಾಣ ಅರ್ಧಕ್ಕಿಂತ ಬಹಳ ಕಡಿಮೆ. ನಂತರದ ರೂಪದಲ್ಲಿ ಅದು ಶೇ. 25. ಲೆಕ್ಕ ಹಿಡಿಯುವುದು ಚಂದಾ ಕಟ್ಟಿದ ಸದಸ್ಯರ ಪಟ್ಟಿಯಿಂದ, ಕಾರ್ಮಿಕರ ಮತದಾನದಿಂದಲ್ಲ. ಒಮ್ಮೆ ಈ ಸ್ಥಾನ ಸಿಕ್ಕಿದರೆ ಆ ಊರಿನ ಆ ಉದ್ಯಮದ ಎಲ್ಲ ಕಾರ್ಮಿಕರ ಪರವಾಗಿ, ಸದಸ್ಯರಲ್ಲದವರ ಪರವಾಗಿಯೂ, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಆ ಸಂಘದ್ದು. ಅದು ಹಾಜರಿರುವ ನಡವಳಿಯಲ್ಲಿ ಬಿಡಿ ಕಾರ್ಮಿಕ ತನ್ನ ಮಾತನ್ನು ತಾನೇ ಆಡುವ ಅವಕಾಶವನ್ನು ಮುಂದಿನ ತಿದ್ದುಪಡಿಗಳು ಇನ್ನಷ್ಟು ಬಿಗಿಗೊಳಿಸಿದವು.

ಇನ್ನೊಂದು ‘ಅನುಮೋದಿತ ಸಂಘ’. 23ನೆಯ ಕಲಮಿನ ಷರತ್ತುಗಳು ಹೀಗಿವೆ: ಸಂಧಾನ ವಿಫಲವಾದರೆ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಸಂಘ ಸಿದ್ಧವಿರಬೇಕು, ಕಾಯ್ದೆಯ ಎಲ್ಲ ಮಾರ್ಗಗಳು ಮುಗಿಯುವ ತನಕ, ಸದಸ್ಯರ ಬಹುಮತ ಗುಪ್ತ ಮತದಾನದಲ್ಲಿ ವ್ಯಕ್ತವಾಗುವ ತನಕ, ಮುಷ್ಕರಕ್ಕೆ ಒಪ್ಪಿಗೆ ಕೊಡಬಾರದು, ಚಂದಾ ಇಷ್ಟಕ್ಕಿಂತ ಕಡಿಮೆ ಇರಬಾರದು, ಕಾರ್ಯಕಾರಿ ಸಮಿತಿ ನಿಯಮಿತವಾಗಿ ಸೇರಿ ನಿರ್ಣಯಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಇವನ್ನು ಪಾಲಿಸುವ ಸಂಘದವರಿಗೆ ಗಿರಣಿಯ ಆವರಣದಲ್ಲೇ ಚಂದಾ ಎತ್ತುವ, ಸದಸ್ಯರೊಡನೆ ಮಾತಾಡುವ, ಸೂಚನಾ ಫಲಕ ಹಾಕುವ ಹಕ್ಕುಗಳು. ಮೊದಲು ಮಧ್ಯಸ್ಥಿಕೆ, ಕಡೆಗೆ ಮುಷ್ಕರ, ದೂರನ್ನು ದಾಖಲಿಸಿಕೊಂಡು ಕಚೇರಿಯ ಮೂಲಕ ಬೆನ್ನುಹತ್ತುವ ಪದ್ಧತಿ, ಅಚ್ಚುಕಟ್ಟಾದ ಲೆಕ್ಕಪತ್ರ. ಇದೆಲ್ಲ 1920ರ ದಶಕದಿಂದ ಅಹಮದಾಬಾದಿನಲ್ಲಿ ಒಂದೇ ಒಂದು ಸಂಘ ಬೆಳೆಸಿಕೊಂಡು ಬಂದ ರೀತಿ. ಒಂದು ಸಂಘದ ನಡವಳಿಕೆಯನ್ನು ಇಡೀ ಪ್ರಾಂತದ ಸಂಘಗಳ ಅರ್ಹತೆಯ ಅಳತೆಗೋಲಾಗಿ ಕಾನೂನು ಮಾಡಿತು ಎಂಬ ನನ್ನ ಅಭಿಪ್ರಾಯಕ್ಕೆ ಈ ಹೋಲಿಕೆಯೇ ಆಧಾರ.

ಇಲ್ಲಿ ಎಚ್ಚರಿಕೆ ಬೇಕು. ಹೋಲಿಕೆ ಇದ್ದಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎಂದಾಗುವುದಿಲ್ಲ. ಮಧ್ಯಸ್ಥಿಕೆ, ಸಂಧಾನಗಳ ವಿಚಾರ ಕಾರ್ಮಿಕ ವಿಷಯಗಳ ರಾಯಲ್ ಕಮಿಷನ್ 1931ರಲ್ಲಿ ವರದಿ ಕೊಟ್ಟ ಕಾಲದಿಂದ ಸರಕಾರಿ ವಲಯದಲ್ಲಿ ಓಡಾಡುತ್ತಲೇ ಇತ್ತು. ಯುದ್ಧಕಾಲದ ನಿಯಮಗಳೂ ಮುಷ್ಕರವನ್ನು ಹತ್ತಿಕ್ಕುವ ಅಭ್ಯಾಸವನ್ನು ಆಡಳಿತಕ್ಕೆ ಕಲಿಸಿದ್ದವು. ನಂದಾ ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದೂ ನನ್ನ ಉದ್ದೇಶವಲ್ಲ. ತಾವು ಇಪ್ಪತ್ತು ವರ್ಷ ದುಡಿದು ಫಲ ಕಂಡ ಕ್ರಮ ಎಲ್ಲ ಕಾರ್ಮಿಕರಿಗೂ ಒಳಿತು ಮಾಡೀತೆಂದು ಅವರು ನಂಬಿದ್ದರು ಎನ್ನುವುದೇ ನ್ಯಾಯ. ನಾನು ಹೇಳುವುದು ಇಷ್ಟು: ಬೇರೆ ಮೂಲಗಳು ಮಧ್ಯಸ್ಥಿಕೆಯನ್ನು ವಿವರಿಸಬಲ್ಲವು, ಆದರೆ ಮತದಾನವಿಲ್ಲದ ಏಕಪ್ರಾತಿನಿಧ್ಯವನ್ನು ಮಧ್ಯಸ್ಥಿಕೆಗೆ ಬದ್ಧವಾದ ಸಂಘಗಳ ವಿಶೇಷ ಹಕ್ಕುಗಳ ಜೊತೆ ಹೆಣೆದ ಈ ನಿರ್ದಿಷ್ಟ ಜೋಡಣೆಯನ್ನು ಅಹಮದಾಬಾದನ್ನು ಬಿಟ್ಟು ವಿವರಿಸುವುದು ಕಷ್ಟ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಕಾನೂನೇ ಕಾರಣವಾಗಿದ್ದರೆ ಅದೇ ಕಾನೂನಿನ ಕೆಳಗಿದ್ದ ಮುಂಬಯಿಯಲ್ಲೂ ಅದೇ ಫಲ ಕಾಣಬೇಕಿತ್ತಲ್ಲವೇ? ಮುಂಬಯಿಯಲ್ಲಿ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಪ್ರಾತಿನಿಧಿಕ ಸಂಘವಾಯಿತು. ಆದರೆ ಅದು ಕಾರ್ಮಿಕರ ವಿಶ್ವಾಸ ಗಳಿಸಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಆರಂಭವಾದ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರದ ಬೇಡಿಕೆಗಳಲ್ಲಿ ಈ ಕಾಯ್ದೆಯ ರದ್ದತಿಯೂ ಒಂದು. ಈ ಆಕ್ಷೇಪ ನನ್ನ ವಾದವನ್ನು ತಿದ್ದುತ್ತದೆ, ಕೆಡವುವುದಿಲ್ಲ. ಕಾನೂನು ಕೊಟ್ಟದ್ದು ಸ್ಥಾನವನ್ನು ಮಾತ್ರ; ವಿಶ್ವಾಸವನ್ನಲ್ಲ. ಅಹಮದಾಬಾದಿನಲ್ಲಿ ದೂರು ವಿಭಾಗ, ಶಾಲೆ, ಆಸ್ಪತ್ರೆ, ಪತ್ರಿಕೆಗಳ ಮೂಲಕ ಗಳಿಸಿದ ವಿಶ್ವಾಸದ ಬಂಡವಾಳ ಮೊದಲೇ ಇತ್ತು. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಆ ಬಂಡವಾಳವನ್ನು ಮತ್ತೆ ಮತ್ತೆ ಗಳಿಸಿಕೊಳ್ಳಬೇಕಾದ ಒತ್ತಡ ಕಡಿಮೆಯಾಯಿತು.

ಈ ಕೊನೆಯ ಮಾತಿಗೆ ಪುರಾವೆ ಅಷ್ಟು ನೇರವಲ್ಲ. 1957ರ ಲೋಕಸಭಾ ಚುನಾವಣೆಯಲ್ಲಿ, ಸಂಘದ ಹಿರಿಯ ನಾಯಕರೂ ಕೇಂದ್ರ ಕಾರ್ಮಿಕ ಮಂತ್ರಿಯೂ ಆಗಿದ್ದ ಖಂಡೂಭಾಯಿ ದೇಸಾಯಿ ಅಹಮದಾಬಾದಿನಲ್ಲಿ ಇಂದೂಲಾಲ್ ಯಾಜ್ಞಿಕರ ಎದುರು ಸೋತರು. ಪ್ರತ್ಯೇಕ ಗುಜರಾತ್ ರಾಜ್ಯಕ್ಕಾಗಿ ನಡೆದ ಮಹಾಗುಜರಾತ್ ಚಳವಳಿಯ ಅಲೆ ಆಗ ಜೋರಾಗಿತ್ತು, ಮತದಾರರೆಲ್ಲ ಗಿರಣಿಯವರಾಗಿರಲಿಲ್ಲ. ಆದ್ದರಿಂದ ಈ ಸೋಲನ್ನು ಸಂಘದ ಮೇಲಿನ ತೀರ್ಪೆಂದು ಓದಲಾಗದು. ಗಿರಣಿಗಳ ನಗರದಲ್ಲೇ ಸಂಘದ ನಾಯಕರೊಬ್ಬರು ಸೋತರೂ ಸಂಘದ ಕಾನೂನುಬದ್ಧ ಸ್ಥಾನ ಒಂದಿಷ್ಟೂ ಅಲುಗಲಿಲ್ಲ ಎಂಬುದನ್ನು ಮಾತ್ರ ಗುರುತಿಸಬಹುದು. 1981ರ ಘಟನೆ ಹೆಚ್ಚು ಮಾತಾಡುತ್ತದೆ. ಸಂಘದ ಮಹಿಳಾ ವಿಭಾಗದಿಂದಲೇ ಇಳಾ ಭಟ್ ಅವರು 1972ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ‘ಸೇವಾ’ ಸಂಘವನ್ನು ಕಟ್ಟಿದ್ದರು. ಮೀಸಲಾತಿ ವಿರೋಧಿ ಗಲಭೆಯ ಕಾಲದಲ್ಲಿ ಇಳಾ ಭಟ್ ದಲಿತರ ಪರವಾಗಿ ಬಹಿರಂಗವಾಗಿ ನಿಂತರು. ಮಾತೃಸಂಘ ಸೇವಾವನ್ನು ಹೊರಹಾಕಿತು. ದಲಿತ ನೂಲುಗಾರರ ಚಂದಾದಿಂದ ಬೆಳೆದ ಸಂಘವೊಂದು ಅವರಿಗೆ ಅತ್ಯಂತ ಬೇಕಾಗಿದ್ದ ಹೊತ್ತಿನಲ್ಲಿ ಹೀಗೆ ನಡೆದುಕೊಂಡದ್ದು ನೋವಿನ ಸಂಗತಿ. ಅದೇ ದಶಕದಲ್ಲಿ ಗಿರಣಿಗಳು ಸಾಲುಸಾಲಾಗಿ ಮುಚ್ಚತೊಡಗಿದವು. ಮುಂದಿನ ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಮಂದಿ ಕೆಲಸ ಕಳೆದುಕೊಂಡರು. ಏಕೈಕ ಪ್ರತಿನಿಧಿಗೆ ಅದನ್ನು ತಡೆಯಲಾಗಲಿಲ್ಲ. ಯಾವ ಸಂಘವಾದರೂ ತಡೆಯಬಹುದಿತ್ತೇ ಎಂಬ ಪ್ರಶ್ನೆಗೆ ಮುಂಬಯಿಯ ಅನುಭವ ಭರವಸೆಯ ಉತ್ತರ ಕೊಡುವುದಿಲ್ಲ, ನಿಜ.

ಎರಡು ವಿಷಯಗಳು ಇನ್ನೂ ತೆರೆದಿವೆ. ನೇಯ್ಗೆ ವಿಭಾಗದ ಮುಸ್ಲಿಂ ಕಾರ್ಮಿಕರು 1946ರ ನಂತರ ಈ ಪ್ರಾತಿನಿಧ್ಯವನ್ನು ಹೇಗೆ ಕಂಡರು ಎಂಬುದನ್ನು ಸಂಘದ ದಾಖಲೆಗಳಿಂದಷ್ಟೇ ನಿರ್ಧರಿಸಲಾಗದು. ಅವರ ಕುಟುಂಬಗಳ ನೆನಪುಗಳನ್ನು ಸಂಗ್ರಹಿಸಬೇಕು. ಎರಡನೆಯದು ನಮಗೆ ಹತ್ತಿರದ್ದು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ತನಕ ಮುಂಬಯಿಗೇ ಸೇರಿದ್ದವು. ಗೋಕಾಕ ಫಾಲ್ಸ್‌ನ ಗಿರಣಿ, ಹುಬ್ಬಳ್ಳಿಯ ಗಿರಣಿಗಳ ಕಾರ್ಮಿಕರ ಸಂಘಟನೆಯ ಚರಿತ್ರೆಯನ್ನು ಈ ಕಾಯ್ದೆಗಳ ಬೆಳಕಿನಲ್ಲಿ ಬರೆಯುವ ಕೆಲಸ ಕನ್ನಡದಲ್ಲಿ ಆಗಬೇಕಾಗಿದೆ. ಚಂದಾ ರಸೀದಿ, ಒಪ್ಪಂದದ ಪ್ರತಿ, ಲೇಬರ್ ಆಫೀಸರಿಗೆ ಬರೆದ ಅರ್ಜಿಗಳು ಹಳೆಯ ಕಾರ್ಮಿಕರ ಮನೆಗಳ ಪೆಟ್ಟಿಗೆಗಳಲ್ಲಿ ಹಾಳಾಗುವ ಮೊದಲು ನಮ್ಮ ಯುವ ಸಂಶೋಧಕರು ಅವನ್ನು ಹುಡುಕಿಕೊಂಡು ಹೋಗಬೇಕು.