ಅಧ್ಯಕ್ಷರು ವರ್ಷಕ್ಕೊಬ್ಬರು, ಸಭೆ ವಾರಕ್ಕೊಂದು

ಜುಲೈ ತಿಂಗಳು ಬಂತೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಸ್ಥಳೀಯ ಸುದ್ದಿ ಪುಟದಲ್ಲಿ ಒಂದೇ ಪದ ಮತ್ತೆ ಮತ್ತೆ ಕಾಣುತ್ತದೆ: ಪದಗ್ರಹಣ. ರೋಟರಿ ಕ್ಲಬ್ ಪದಗ್ರಹಣ, ಲಯನ್ಸ್ ಕ್ಲಬ್ ಪದಗ್ರಹಣ. ಫೋಟೊದಲ್ಲಿ ಕೊರಳಿಗೆ ಪಟ್ಟಿ ಹಾಕಿಕೊಂಡ ಹೊಸ ಅಧ್ಯಕ್ಷರು, ಪಕ್ಕದಲ್ಲಿ ಹಳೆಯ ಅಧ್ಯಕ್ಷರು, ಶಾಲು, ಹಾರ, ನೆನಪಿನ ಕಾಣಿಕೆ. ಈ ಎರಡೂ ಸಂಸ್ಥೆಗಳ ವರ್ಷ ಶುರುವಾಗುವುದು ಜುಲೈ 1ಕ್ಕೆ. ಜಗತ್ತಿನ ಎಲ್ಲ ಕಡೆ ಕುರ್ಚಿ ಬದಲಾಗುವುದು ಅದೇ ಹೊತ್ತಿಗೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಸುದ್ದಿ ಕಳಿಸುವ ನಮಗೆ ಇಂಥ ಪ್ರೆಸ್‌ನೋಟ್ ಹೊಸದಲ್ಲ. ರೋಗಿಗಳಿಗೆ ಹಣ್ಣು, ಶಾಲೆಗೆ ನೋಟ್‌ಬುಕ್, ಸಸಿ ನೆಡುವುದು, ಕಣ್ಣಿನ ಶಿಬಿರ. ಸುದ್ದಿ ಅಚ್ಚಾಗುತ್ತದೆ, ನಾವೂ ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ಈ ಕ್ಲಬ್‌ಗಳ ಜೀವ ಇರುವುದು ಫೋಟೊಗೆ ಸಿಗದ ಇನ್ನೊಂದು ಕೆಲಸದಲ್ಲಿ: ವಾರಕ್ಕೊಮ್ಮೆ ಸೇರಿ, ಹಾಜರಿ ಹಾಕಿ, ಹಿಂದಿನ ವಾರ ಒಪ್ಪಿಕೊಂಡ ಕೆಲಸ ಏನಾಯಿತು ಎಂದು ಕೇಳುವುದರಲ್ಲಿ. ಈ ವಾರದ ಸಭೆ ಎಲ್ಲಿಂದ ಬಂತು, ನಮ್ಮ ನೆಲದಲ್ಲಿ ಅದಕ್ಕೇನು ಅರ್ಥ ಎಂಬುದನ್ನು ನೋಡೋಣ.

ಕಥೆ ಶುರುವಾಗುವುದು ಅಮೆರಿಕದ ಶಿಕಾಗೊದಲ್ಲಿ, 1905ರ ಫೆಬ್ರುವರಿ 23ರಂದು. ಹಳ್ಳಿಯ ವಾತಾವರಣದಲ್ಲಿ ಬೆಳೆದು ದೊಡ್ಡ ಪಟ್ಟಣಕ್ಕೆ ಬಂದಿದ್ದ ವಕೀಲ ಪಾಲ್ ಹ್ಯಾರಿಸ್‌ಗೆ ಅಲ್ಲಿ ನಮ್ಮವರು ಅನ್ನುವವರು ಯಾರೂ ಇರಲಿಲ್ಲ. ಅವರು ಇನ್ನೂ ಮೂವರನ್ನು ಕೂಡಿಸಿಕೊಂಡರು: ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಗಣಿ ಎಂಜಿನಿಯರ್ ಗುಸ್ತಾವಸ್ ಲೋರ್, ದರ್ಜಿ ಹೈರಮ್ ಶೋರಿ. ಮೊದಲ ಸಲ ಸೇರಿದ್ದು ಲೋರ್ ಅವರ ಕಚೇರಿಯಲ್ಲಿ. ಆಮೇಲೆ ಒಂದು ಸಲ ಒಬ್ಬರ ಜಾಗ, ಇನ್ನೊಂದು ಸಲ ಮತ್ತೊಬ್ಬರ ಜಾಗ. ಹೀಗೆ ಸರದಿಯಲ್ಲಿ ತಿರುಗುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು.

ಆರಂಭದಲ್ಲಿ ಅದು ಸೇವಾ ಸಂಸ್ಥೆಯೇ ಆಗಿರಲಿಲ್ಲ. ಪರಿಚಯ ಬೆಳೆಸಿಕೊಳ್ಳುವುದು, ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಗಿರಾಕಿಯಾಗುವುದು, ಇಷ್ಟೇ ಇತ್ತು. ಒಂದು ವೃತ್ತಿಗೆ ಒಬ್ಬನೇ ಸದಸ್ಯ ಎಂಬ ನಿಯಮ ಹುಟ್ಟಿದ್ದೂ ಅದಕ್ಕೇ. ಸ್ವಂತ ಲಾಭಕ್ಕಷ್ಟೇ ಸೇರಿದರೆ ಇದು ಬಹಳ ದಿನ ಬಾಳುವುದಿಲ್ಲ ಎಂದು ಕೆಲವರಿಗೆ ಬೇಗ ಅರ್ಥವಾಯಿತು. 1907ರಲ್ಲಿ ಅವರು ಊರಿಗಾಗಿ ಮೊದಲ ಕೆಲಸ ಕೈಗೆತ್ತಿಕೊಂಡರು. ಏನದು? ಶಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯ ಆಗಬೇಕೆಂಬ ಪ್ರಯತ್ನ. ನಮ್ಮ ಬಸ್ ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳು ಪಡುವ ಪಾಡು ನೋಡಿದವರಿಗೆ ಆ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ವಾರದ ಸಭೆಯ ಶಿಸ್ತು ಮುಂದೆ ಬಿಗಿಯಾಯಿತು. ಕಾರಣವಿಲ್ಲದೆ ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಬೇರೆ ಊರಿಗೆ ಹೋದವರು ಅಲ್ಲಿಯ ಕ್ಲಬ್ ಸಭೆಯಲ್ಲಿ ಕೂತು ತಮ್ಮ ಹಾಜರಿ ತುಂಬಿಕೊಳ್ಳಬಹುದಿತ್ತು. 2016ರಲ್ಲಿ ರೋಟರಿ ಈ ನಿಯಮ ಸಡಿಲಿಸಿತು. ಈಗ ತಿಂಗಳಿಗೆ ಎರಡು ಸಭೆಯಾದರೂ ನಡೆಯಲಿ ಸಾಕು ಎನ್ನುತ್ತದೆ. ಅಂದರೆ ನೂರಕ್ಕೂ ಹೆಚ್ಚು ವರ್ಷ ಈ ಸಂಸ್ಥೆ ನಡೆದದ್ದು ವಾರದ ಹಾಜರಿ ಪುಸ್ತಕದ ಮೇಲೆ.

ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತಾ ಮೂಲಕ. ಅಲ್ಲಿಯ ಕ್ಲಬ್‌ಗೆ 1920ರ ಜನವರಿ 1ರಂದು ಮಾನ್ಯತೆ ಸಿಕ್ಕಿತು. ಬ್ರಿಟಿಷರ ಕಾಲದ ಆ ಮೇಜಿನ ಸುತ್ತ ಕೂತವರಲ್ಲಿ ಬಹಳ ಮಂದಿ ಐರೋಪ್ಯರು. ಅದೇ ಕಲ್ಕತ್ತಾದ ನಿತೀಶ್ ಲಾಹಿರಿ 1962ರಲ್ಲಿ ಇಡೀ ಜಗತ್ತಿನ ರೋಟರಿಗೆ ಅಧ್ಯಕ್ಷರಾದ ಮೊದಲ ಭಾರತೀಯರಾದರು. ಲಯನ್ಸ್ ಕ್ಲಬ್ ಕೂಡ ಶಿಕಾಗೊದ್ದೇ ಕೂಸು. ವಿಮಾ ವ್ಯವಹಾರ ಮಾಡುತ್ತಿದ್ದ ಮೆಲ್ವಿನ್ ಜೋನ್ಸ್ 1917ರಲ್ಲಿ ಅದನ್ನು ಕಟ್ಟಿದರು. ಅದು ಭಾರತಕ್ಕೆ ಬಂದದ್ದು 1956ರಲ್ಲಿ.

ಆ ಹೊತ್ತಿಗೆ ನಮ್ಮ ಕಡೆ ಏನಿತ್ತು? ಈ ಐದೂ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1928ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಬಿ.ಎಂ. ಶ್ರೀಕಂಠಯ್ಯನವರು ಅಧ್ಯಕ್ಷರು. ಮರುವರ್ಷವೇ, 1929ರಲ್ಲಿ, ನಿಜಾಮ ಸರ್ಕಾರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಹೊರಡಿಸಿತು. ಸಾರ್ವಜನಿಕ ಸಭೆ ನಡೆಸಬೇಕಾದರೆ ಮೊದಲು ಸರ್ಕಾರದ ಅಪ್ಪಣೆ ಬೇಕು ಎಂಬುದು ಅದರ ಸಾರ. ಜನ ಸೇರಿ ಮಾತಾಡುವುದೇ ಸಂಶಯದ ಕೆಲಸವಾಗಿತ್ತು.

ನಮ್ಮ ಭಾಗದಲ್ಲಿ ಸಾರ್ವಜನಿಕ ಸಭೆಗೆ ಈ ಇತಿಹಾಸ ಇದೆ. ಮಠದ ದಾಸೋಹ, ದರ್ಗಾದ ಉರುಸು, ಗುಡಿಯ ಭಜನೆ, ವಾರದ ಸಂತೆ, ಇವೆಲ್ಲ ಇದ್ದವು. ಆದರೆ ಊರಿನ ಕೊರತೆ ಎತ್ತಿಕೊಂಡು, ಜಾತಿ ಬೇರೆ, ಧರ್ಮ ಬೇರೆ ಆದ ಜನ ಒಂದು ಸಂಘ ಕಟ್ಟಿ ಬಹಿರಂಗವಾಗಿ ಸಭೆ ಕರೆಯುವುದು ಸುಲಭವಿರಲಿಲ್ಲ. 1948ರ ಸೆಪ್ಟೆಂಬರ್ 17ರ ನಂತರ ಆ ಬಾಗಿಲು ತೆರೆಯಿತು. 1950ರ ಜನವರಿ 26ರಿಂದ ಶಾಂತವಾಗಿ ಸಭೆ ಸೇರುವುದು, ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕಾಯಿತು. ಇಂದು ಕ್ಲಬ್ ಸಭೆಯ ಬ್ಯಾನರ್ ಕಟ್ಟುವವರಿಗೆ ನೆನಪಿರಲಿ, ಇರದಿರಲಿ, ಅವರು ಬಳಸುತ್ತಿರುವುದು ಆ ಹಕ್ಕನ್ನೇ.

ಇಂಥ ಕ್ಲಬ್‌ಗೆ ನಮ್ಮ ಊರುಗಳ ನೆಲವೂ ಹದವಾಗಿದೆ. ಹೈದರಾಬಾದ್ ಕಡೆಗೆ ರೈಲು 1874ರಲ್ಲಿ ಹೊರಟದ್ದು ವಾಡಿಯಿಂದ. ಅಂದಿನಿಂದ ಅದು ನಾಲ್ಕು ಭಾಷೆಯ ಜನ ಇಳಿದು ಹತ್ತುವ ಜಂಕ್ಷನ್. ಶಹಾಬಾದಿನ ಫರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲದಲ್ಲಿದೆ. ಅಲ್ಲಿಯ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಹುಟ್ಟಿದಾಗ ಅದರೊಳಗೆ ಸೇರಿತು. ಮುಂದೆ ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಎದ್ದವು. ಎಲ್ಲಿಂದಲೋ ಬಂದ ಎಂಜಿನಿಯರ್, ರೈಲ್ವೆ ನೌಕರ, ಡಾಕ್ಟರು, ಬ್ಯಾಂಕಿನವರು ಒಂದು ಕಡೆ. ಕಲ್ಲಿನ ವ್ಯಾಪಾರಿ, ತೊಗರಿ ದಾಲ್ ಮಿಲ್ಲಿನವರು, ವಕೀಲರು, ಮಾಸ್ತರರು ಇನ್ನೊಂದು ಕಡೆ. ಕಾಲೋನಿಯ ಗೇಟಿನ ಒಳಗಿನವರು ಮತ್ತು ಹೊರಗಿನವರು ಕೂಡಿ ಕೂರುವ ಜಾಗ ಇಂಥ ಊರಲ್ಲಿ ಬಹಳ ಇರುವುದಿಲ್ಲ. ಪಾಲ್ ಹ್ಯಾರಿಸ್‌ಗೆ ಶಿಕಾಗೊದಲ್ಲಿ ಕಾಡಿದ ಒಂಟಿತನ ವಾಡಿ ಕಾಲೋನಿಯ ಕ್ವಾರ್ಟರ್ಸ್‌ನಲ್ಲೂ ಕಾಡೀತು.

ವಾರ ವಾರ ಸೇರಿ ಏನು ಸಾಧಿಸಬಹುದು ಎಂಬುದಕ್ಕೆ ದೊಡ್ಡ ಸಾಕ್ಷಿ ಪೋಲಿಯೊ. 1985ರಲ್ಲಿ ರೋಟರಿ ಪೋಲಿಯೊಪ್ಲಸ್ ಶುರು ಮಾಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವು ಕೈಜೋಡಿಸಿದವು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಪೋಲಿಯೊದಿಂದ ಅಂಗವಿಕಲರಾಗುತ್ತಿದ್ದರು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಎರಡು ಹನಿ, ಬೆರಳಿಗೆ ಶಾಯಿ, ಮನೆ ಗೋಡೆಗೆ ಸೀಮೆಸುಣ್ಣದ ಗುರುತು. ಬಿಸಿಲಲ್ಲಿ ಓಣಿ ಓಣಿ ಸುತ್ತಿದವರು ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಆರೋಗ್ಯ ಇಲಾಖೆಯವರು. ದೊಡ್ಡ ಪಾಲು ಕೀರ್ತಿ ಅವರದೇ. ಕ್ಲಬ್‌ಗಳು ಹಣ ಕೂಡಿಸಿದವು, ಬೂತಿನಲ್ಲಿ ನಿಂತವು, ಹಿಂಜರಿದವರ ಮನವೊಲಿಸಿದವು. ದುಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳು ತಪ್ಪಿಹೋಗಬಾರದೆಂದು ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲೂ ಹನಿ ಹಾಕಲಾಯಿತು. ಮುಂಬೈ, ಪುಣೆ, ಹೈದರಾಬಾದಿಗೆ ಹೋಗಿಬರುವ ನಮ್ಮ ಜನಕ್ಕೆ ಅದು ಬೇಕಾದದ್ದೇ ಆಗಿತ್ತು.

2009ರಲ್ಲೂ ಭಾರತದಲ್ಲಿ 741 ಪ್ರಕರಣಗಳಿದ್ದವು. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

1985ರಿಂದ 2014ರವರೆಗೆ ಪ್ರತಿ ರೋಟರಿ ಕ್ಲಬ್‌ನಲ್ಲೂ ಹೆಚ್ಚು ಕಡಿಮೆ 29 ಅಧ್ಯಕ್ಷರು ಬದಲಾಗಿರಬೇಕು. ಪ್ರತಿಯೊಬ್ಬರೂ ಹಿಂದಿನವರ ಕೆಲಸ ಬಿಟ್ಟು ತಮ್ಮ ಹೆಸರಿನ ಕಲ್ಲು ನೆಟ್ಟಿದ್ದರೆ ಪೋಲಿಯೊ ಹೋಗುತ್ತಿರಲಿಲ್ಲ. ಗುರಿ ಒಂದೇ ಇತ್ತು, ಎಣಿಕೆ ಬರಹದಲ್ಲಿತ್ತು, ಬಂದವರು ಹೋದವರ ಪುಸ್ತಕ ಮುಂದುವರಿಸಿದರು. ಲಯನ್ಸ್‌ನ ಕಣ್ಣಿನ ಕೆಲಸವೂ ಹೀಗೆಯೇ. 1925ರಲ್ಲಿ ಹೆಲೆನ್ ಕೆಲರ್ ಅವರ ಸಮಾವೇಶಕ್ಕೆ ಬಂದು, ಕುರುಡುತನದ ವಿರುದ್ಧ ನಿಲ್ಲಿರಿ ಎಂದು ಕೇಳಿಕೊಂಡರು. ಇಂದಿಗೂ ಲಯನ್ಸ್ ಎಂದರೆ ನಮ್ಮ ಹಳ್ಳಿಯ ಹಿರಿಯರಿಗೆ ನೆನಪಾಗುವುದು ಕಣ್ಣಿನ ಶಿಬಿರವೇ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಮೇಜಿನ ಸುತ್ತ ಎಲ್ಲರಿಗೂ ಕುರ್ಚಿ ಇರಲಿಲ್ಲ. ಅಮೆರಿಕದ ಡ್ಯುಆರ್ಟೆ ಎಂಬ ಊರಿನ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡಿತೆಂದು 1978ರಲ್ಲಿ ರೋಟರಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತ್ತು. ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ತೀರ್ಪು ಮಹಿಳೆಯರ ಪರ ಬಂತು, 1989ರಲ್ಲಿ ಎಲ್ಲ ಕಡೆ ನಿಯಮ ಬದಲಾಯಿತು. ಬಾಗಿಲು ತೆರೆದರೂ ಫರಸಿ ಖಣಿಯಲ್ಲಿ ದಿನಗೂಲಿ ಮಾಡುವವರು, ಚಿಂಚೋಳಿಯ ತಾಂಡಾದಿಂದ ಗುಳೆ ಹೋಗುವವರು ಸಂಜೆಯ ಸಭೆಗೆ ಬಂದು, ವರ್ಷದ ವಂತಿಗೆ ಕಟ್ಟಿ ಕೂರುವುದು ಸಾಧ್ಯವೇ?

ಅವರಿಗೂ ಒಂದು ವಾರದ ಸಭೆ ಇದೆ. 2000-01ರಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. 15ರಿಂದ 20 ಹೆಣ್ಣುಮಕ್ಕಳ ಗುಂಪು, ವಾರಕ್ಕೊಮ್ಮೆ ಸಭೆ, ವಾರಕ್ಕಿಷ್ಟು ಉಳಿತಾಯ, ನಡಾವಳಿ ಪುಸ್ತಕ, ತಪ್ಪಿಸಿದವರಿಗೆ ದಂಡ. ಶಿಕಾಗೊದ ಹೆಸರೇ ಕೇಳದ ನಮ್ಮ ಅಕ್ಕಂದಿರು ನಡೆಸುತ್ತಿರುವುದು ಅದೇ ಶಿಸ್ತನ್ನು. ಅವರ ಸಭೆಯಲ್ಲಿ ಶಾಲು, ಹಾರ ಇಲ್ಲ. ಯಾರ ಮಗಳ ಫೀಸಿಗೆ ಎಷ್ಟು ಸಾಲ, ಎಷ್ಟು ವಾಪಸು ಬಂತು ಎಂಬ ಲೆಕ್ಕ ಇದೆ.

ಬರೆದಿಡುವ ಅಭ್ಯಾಸ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳು, ಗುರುಗಳು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು, ಅವರಿಗೆ ಬಿಟ್ಟ ಭೂಮಿ, ಎಲ್ಲವನ್ನೂ ಹೇಳುತ್ತದೆ. ಪಾಠ ನಿಂತು ಎಷ್ಟೋ ಶತಮಾನ ಆಯಿತು. ಕಲ್ಲಿನ ಮೇಲಿನ ಲೆಕ್ಕ ಉಳಿದಿದೆ, ಅದರಿಂದಲೇ ನಮಗೆ ಆ ಶಾಲೆ ಗೊತ್ತು.

ಹಾಗಾಗಿ ಮುಂದಿನ ಜುಲೈನಲ್ಲಿ ಪದಗ್ರಹಣದ ಸುದ್ದಿ ನಿಮ್ಮ ಫೋನಿಗೆ ಬಂದಾಗ ಹೊಸ ಅಧ್ಯಕ್ಷರಿಗೆ ಅಭಿನಂದನೆ ಹೇಳಿರಿ, ಜೊತೆಗೆ ಮೂರು ಪ್ರಶ್ನೆ ಕೇಳಿರಿ. ಹೋದ ವರ್ಷ ಶಾಲೆಗೆ ಕೊಟ್ಟ ಶುದ್ಧ ನೀರಿನ ಯಂತ್ರ ಈಗ ನಡೆಯುತ್ತಿದೆಯೇ? ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ? ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆಗಬೇಕೆಂದು ಬರೆದುಕೊಂಡವರಲ್ಲಿ ಎಷ್ಟು ಮಂದಿಗೆ ಆಯಿತು? ಸಭೆಯ ಪುಸ್ತಕ ಸರಿಯಾಗಿದ್ದರೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ಸುದ್ದಿ ಬರೆಯುವ ನಾವೂ ಇನ್ನು ಮುಂದೆ ಇವನ್ನೇ ಕೇಳುತ್ತೇವೆ.

ನಿಮ್ಮೂರಲ್ಲಿ ಕ್ಲಬ್ ಇಲ್ಲವೆಂದು ಕಾಯಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ 18 ತುಂಬಿದ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿರಿ, ಹಾಜರಿ ಹಾಕಿರಿ, ಒಂದೇ ಒಂದು ಕೆಲಸ ಹಿಡಿಯಿರಿ, ಅದು ಮುಗಿಯುವವರೆಗೆ ಬಿಡಬೇಡಿರಿ. ಒಂದು ಕಾಲಕ್ಕೆ ಇದೇ ನೆಲದಲ್ಲಿ ಸಭೆ ಸೇರಲು ಅಪ್ಪಣೆ ಬೇಕಿತ್ತು. ಈಗ ಬೇಕಿರುವುದು ಒಂದು ನೂರು ಪುಟದ ನೋಟ್‌ಬುಕ್ ಮತ್ತು ವಾರ ವಾರ ತಪ್ಪದೆ ಬರುವ ಏಳು ಜನ.