ಹೊರಡುವವರ ಚಳವಳಿ, ಉಳಿದವರ ಮಕ್ಕಳು: ಮುಂಬಯಿಯ ಬೆನೆ ಇಸ್ರೇಲ್ ಯುವ ಸಂಘಟನೆಯ ಮರುರೂಪ

ಮುಂಬಯಿಯ ಯಹೂದಿ ಯುವ ಚಳವಳಿ ಸೊರಗಿದ್ದು ಸೋಲಿನಿಂದಲ್ಲ, ತನ್ನ ಗುರಿಯನ್ನು ಪೂರ್ತಿಯಾಗಿ ಮುಟ್ಟಿದ್ದರಿಂದ. 1929ರಲ್ಲಿ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ವೆಲ್ಲೆಸ್ಲಿ ಆರನ್ ಮತ್ತು ಅವರ ಜೊತೆಗಾರರು ಹಬೋನಿಮ್ ಎಂಬ ಸಂಘಟನೆಯನ್ನು ಕಟ್ಟಿದರು. ಸ್ಕೌಟ್ ಮಾದರಿಯ ಶಿಬಿರ, ಹೀಬ್ರೂ ಹಾಡು, ಸಣ್ಣ ಸಣ್ಣ ಗುಂಪುಗಳು, ಪ್ರತಿ ಗುಂಪಿಗೂ ನಾಲ್ಕಾರು ವರ್ಷ ಹಿರಿಯನಾದ ಒಬ್ಬ ಮುಂದಾಳು, ಇವು ಅದರ ಬಂಡವಾಳ. ಪ್ಯಾಲೆಸ್ಟೈನಿನಲ್ಲಿ ನೆಲೆಸಲು ತರುಣರನ್ನು ಅಣಿಗೊಳಿಸುವುದು ಬಹುಬೇಗ ಅದರ ಮುಖ್ಯ ಕೆಲಸವಾಯಿತು. ಭಾರತ ಸ್ವತಂತ್ರವಾಗುವ ಮೊದಲೇ ಈ ಚಳವಳಿ ಮುಂಬಯಿಗೂ ಬಂದಿತ್ತು. ಮುಂದೆ ಧಾರ್ಮಿಕ ಒಲವಿನ ಬ್ನೇ ಅಕಿವಾ ಕೂಡ ಇಲ್ಲಿ ಕೆಲಸ ಮಾಡಿತು. ಹಾಗೆ ತಯಾರಾದವರು ಇಸ್ರೇಲಿಗೆ ಹೊರಟುಹೋದರು. 1951ರ ಜನಗಣತಿಯಲ್ಲಿ ದೇಶದಲ್ಲಿ 26 ಸಾವಿರಕ್ಕೂ ಹೆಚ್ಚಿದ್ದ ಯಹೂದಿಗಳು 2011ರ ಹೊತ್ತಿಗೆ ನಾಲ್ಕೂವರೆ ಸಾವಿರದಷ್ಟಕ್ಕೆ ಇಳಿದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಮಹಾರಾಷ್ಟ್ರದಲ್ಲಿ.

ಉಳಿದವರ ಹದಿಹರೆಯದ ಮಕ್ಕಳಿಗೆ ಎಂಥ ಸಂಘಟನೆ ಬೇಕು ಎಂಬುದು ಈ ಲೇಖನದ ಪ್ರಶ್ನೆ. ಹಳೆಯ ಚೌಕಟ್ಟಿಗೆ ಹೊಸ ಬಣ್ಣ ಬಳಿದರೆ ಸಾಲದು. ಹೊರಡುವವರಿಗಾಗಿ ರೂಪುಗೊಂಡ ಚಳವಳಿಯನ್ನು ಉಳಿಯುವವರನ್ನು ನಡುವಿಟ್ಟುಕೊಂಡು ಮತ್ತೆ ಕಟ್ಟಬೇಕಾಗಿದೆ.

ಹೊರಗಿನ ಮಾದರಿಯನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಂಡ ಪರಂಪರೆ, ಕೊಂಕಣದಲ್ಲಿ ಬೇರೂರಿದ ಮರಾಠಿ ಮಾತಿನ ಯಹೂದಿಗಳಾದ ಬೆನೆ ಇಸ್ರೇಲರಿಗೆ ಇದೆ. ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ತರುಣನಾಗಿದ್ದಾಗಲೇ, 1853ರಲ್ಲಿ, ಅಣ್ಣತಮ್ಮಂದಿರು ಮತ್ತು ಗೆಳೆಯರ ಜೊತೆ ಸಮುದಾಯದ ಶಿಕ್ಷಣಕ್ಕಾಗಿ ಒಂದು ಸಂಘ ಕಟ್ಟಿದರು. 1875ರಲ್ಲಿ ಇಸ್ರೇಲೈಟ್ ಶಾಲೆ ಶುರುವಾಯಿತು. ಅದೇ ಇಂದು ಮಝಗಾಂವ್‌ನ ಸರ್ ಎಲ್ಲಿ ಕಡೂರಿ ಶಾಲೆ. ಈಗ ಅಲ್ಲಿ ಓದುವವರಲ್ಲಿ ಬಹುಪಾಲು ಮುಸ್ಲಿಂ ಮಕ್ಕಳು. ಕನ್ನಡಿಗರು ನೆನೆಯಬೇಕಾದ ಇನ್ನೊಂದು ಹೆಸರು ಶಿವಮೊಗ್ಗದಲ್ಲಿ ಹುಟ್ಟಿದ ಡಾ. ಜೆರೂಶಾ ಝಿರಾಡ್ ಅವರದು. ಲಂಡನ್ನಿನಲ್ಲಿ ಪ್ರಸೂತಿಶಾಸ್ತ್ರ ಓದಿ ಬಂದು ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದ ಅವರು, ಲಂಡನ್ನಿನಲ್ಲಿ ಕಂಡ ಸುಧಾರಣಾವಾದಿ ಯಹೂದಿ ಪಂಥವನ್ನು 1925ರಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಎಂಬ ಹೆಸರಿನಲ್ಲಿ ಇಲ್ಲಿ ನೆಲೆಗೊಳಿಸಿದರು. ಕೆಹಿಮ್‌ಕರ್ ಆಗಲಿ ಝಿರಾಡ್ ಆಗಲಿ ಹೊರಗಿನಿಂದ ಯಾರಾದರೂ ಬಂದು ಹೇಳಿಕೊಡಲಿ ಎಂದು ಕಾಯಲಿಲ್ಲ. ಆದರೆ ಹಬೋನಿಮ್ ಬಂದ ಮೇಲೆ ಹಲವು ದಶಕ ಯುವ ಕಾರ್ಯಕ್ರಮಗಳು ವಿದೇಶದಿಂದ ಬರುವ ದೂತರನ್ನು ನೆಚ್ಚಿಕೊಂಡವು. ಆ ಸ್ವಂತ ಚೈತನ್ಯ ಕುಂದಿದ್ದು ಆಗಲೇ ಎಂದು ನನಗೆ ಅನ್ನಿಸುತ್ತದೆ.

ಇಂದಿನ ಹುಡುಗ ಹುಡುಗಿಯರು ಬದುಕುತ್ತಿರುವ ಊರೂ ಆ ಹಳೆಯ ಊರಲ್ಲ. ಸಮುದಾಯದ ಹಳೆಯ ಕೇಂದ್ರಗಳು ದಕ್ಷಿಣ ಮುಂಬಯಿಯಲ್ಲಿವೆ. ಮಾಂಡವಿಯ ಶಾರ್ ಹರಹಮೀಮ್ ಸಿನಗಾಗ್ 1796ರದು. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದ ಸೈನಿಕ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಹರಕೆ ತೀರಿಸಲು ಅದನ್ನು ಕಟ್ಟಿಸಿದರೆಂದು ಸಮುದಾಯ ನಂಬುತ್ತದೆ. ಬೈಕಲಾ, ಅಗ್ರಿಪಾಡಾ, ಜೇಕಬ್ ಸರ್ಕಲ್‌ಗಳಲ್ಲೂ ಪ್ರಾರ್ಥನಾ ಮಂದಿರಗಳಿವೆ. ಆದರೆ ಮನೆ ಬಾಡಿಗೆ ಏರಿದಂತೆ ಸಂಸಾರಗಳು ಠಾಣೆಗೂ ಅದರಾಚೆಯ ಉಪನಗರಗಳಿಗೂ ಸರಿದವು. 1879ರಷ್ಟು ಹಿಂದೆಯೇ ಕಟ್ಟಿದ ಠಾಣೆಯ ಶಾರ್ ಹಶಾಮಯಿಮ್ ಸಿನಗಾಗ್ ಇಂದು ಹೆಚ್ಚು ಜನ ಸೇರುವ ಜಾಗ.

ಹಾಗಿದ್ದರೂ ಮಕ್ಕಳ ಕಾರ್ಯಕ್ರಮವನ್ನು ಭಾನುವಾರ ಬೆಳಿಗ್ಗೆ ದಕ್ಷಿಣ ಮುಂಬಯಿಯಲ್ಲಿ ಇಟ್ಟರೆ ಆಗುವುದೇನು? ಭಾನುವಾರವೆಂದರೆ ಲೋಕಲ್ ರೈಲುಗಳ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್. ಹಳಿ ದುರಸ್ತಿಗೆಂದು ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ, ಎಷ್ಟೋ ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲುವುದೇ ಇಲ್ಲ. ಠಾಣೆಯಾಚೆಯ ಡೊಂಬಿವಲಿಯಿಂದ ಹದಿನಾಲ್ಕರ ಹುಡುಗಿಯನ್ನು ಒಬ್ಬಳೇ ಕಳಿಸಲು ಯಾವ ತಾಯಿಗೂ ಧೈರ್ಯ ಸಾಲದು. ಇನ್ನು ಯಹೂದಿಗಳ ಸಬ್ಬತ್, ಅಂದರೆ ವಿಶ್ರಾಂತಿ ದಿನವಾದ ಶನಿವಾರದ ಮಾತು. ಕೊಂಕಣದಲ್ಲಿ ಗಾಣ ಹಾಕುತ್ತಿದ್ದ ಇವರ ಪೂರ್ವಜರು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದಲೇ ಊರವರು ಅವರನ್ನು ಶನಿವಾರ್ ತೇಲಿ ಎಂದು ಕರೆದರು. ಅವರ ಮರಿಮಕ್ಕಳಿಗೆ ಈಗ ಶನಿವಾರ ಹತ್ತನೆಯ, ಹನ್ನೆರಡನೆಯ ತರಗತಿಯ ಕೋಚಿಂಗ್ ಕ್ಲಾಸ್. ಆದ್ದರಿಂದ ಸಬ್ಬತ್ ಶುರುವಾಗುವ ಶುಕ್ರವಾರ ಸಂಜೆ ಠಾಣೆಯಲ್ಲೊಂದು, ಆಚಿನ ಉಪನಗರದ ಯಾವುದಾದರೂ ಮನೆಯಲ್ಲೊಂದು ಚಿಕ್ಕ ಗುಂಪು ಕೂಡುವಂತಾಗಬೇಕು. ದೀಪ ಹಚ್ಚಿ, ಉಂಡು, ಹಾಡಿ, ಒಂಬತ್ತರೊಳಗೆ ಮಕ್ಕಳು ಮನೆ ಸೇರಬೇಕು. ಹಬೋನಿಮ್ ಕೊಟ್ಟ ಸಣ್ಣ ಗುಂಪಿನ ಪದ್ಧತಿ ಇಂದಿಗೂ ಹೊಂದುವುದು ಇಲ್ಲಿಯೇ.

ಏನನ್ನು ಕಲಿಸಬೇಕು? ಮಲಿದಾದಿಂದಲೇ ಶುರುಮಾಡಬಹುದು. ಹರಕೆ ತೀರಿದಾಗ, ಮದುವೆಗೆ ಮುನ್ನ, ಹೊಸ ಮನೆ ಹೊಕ್ಕಾಗ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ನಡೆಯುವ ಆಚರಣೆ ಇದು. ಅವಲಕ್ಕಿ ನೆನೆಸಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ ಪುಡಿ, ಗೋಡಂಬಿ, ದ್ರಾಕ್ಷಿ ಬೆರೆಸಿ ತಟ್ಟೆಯಲ್ಲಿ ರಾಶಿ ಮಾಡುತ್ತಾರೆ, ಸುತ್ತ ಹಣ್ಣು ಜೋಡಿಸುತ್ತಾರೆ, ಹೀಬ್ರೂ ಪ್ರಾರ್ಥನೆ ಹೇಳಿ ಹಂಚುತ್ತಾರೆ. ಬೇರೆಡೆಯ ಯಹೂದಿಗಳಲ್ಲಿ ಈ ರೂಪದ ಆಚರಣೆ ಇಲ್ಲ. ಅಲಿಬಾಗ್ ಬಳಿಯ ಖಂಡಾಳೆಯಲ್ಲಿ (ಲೋಣಾವಳದ ಪಕ್ಕದ್ದಲ್ಲ) ಎಲಿಯಾಹುವಿನ ರಥದ ಗುರುತೆಂದು ನಂಬುವ ಬಂಡೆಯಿದೆ. ನವಗಾಂವ್‌ನಲ್ಲಿ, ಹಡಗು ಒಡೆದು ದಡ ಸೇರಿದ ಮೂಲಪುರುಷರದೆನ್ನುವ ಸಮಾಧಿನೆಲವಿದೆ. ಶಿಬಿರಕ್ಕೆ ಇವುಗಳಿಗಿಂತ ಒಳ್ಳೆಯ ಜಾಗ ಯಾವುದು? 1962ರಲ್ಲಿ ಇಸ್ರೇಲಿನ ಮುಖ್ಯ ಧರ್ಮಪೀಠ ಬೆನೆ ಇಸ್ರೇಲರ ವಿವಾಹಗಳಿಗೆ ವಂಶ ಪರಿಶೀಲನೆಯ ಷರತ್ತು ಹಾಕಿದ್ದು, ಜನ ಧರಣಿ ಕೂತು ಹೋರಾಡಿದ್ದು, 1964ರಲ್ಲಿ ಅಲ್ಲಿನ ಸಂಸತ್ತು ಅವರನ್ನು ಎಲ್ಲ ರೀತಿಯಲ್ಲೂ ಯಹೂದಿಗಳೆಂದು ಸಾರಿದ್ದು, ಇದನ್ನೂ ಮಕ್ಕಳು ತಿಳಿಯಲೇಬೇಕು. ಅಲ್ಲಿಗೆ ಹೋಗಬಯಸುವವರು ಈ ಗಾಯವನ್ನೂ ಗೆಲುವನ್ನೂ ತಿಳಿದು ಹೋಗುವುದು ಮೇಲು.

2008ರ ನವೆಂಬರಿನಲ್ಲಿ ಮುಂಬಯಿಯ ಯಹೂದಿ ಕೇಂದ್ರ ನರಿಮನ್ ಹೌಸ್ ಮೇಲೆ ಭಯೋತ್ಪಾದಕ ದಾಳಿ ನಡೆದ ಬಳಿಕ ಸಿನಗಾಗುಗಳ ಮುಂದೆ ಪೊಲೀಸ್ ಕಾವಲು ಬಂತು. ಆ ಕಾವಲು ಬೇಕೇ ಬೇಕು. ಆದರೆ ಬಾಗಿಲು ಹಾಕಿಕೊಂಡ ಕೋಣೆಯಲ್ಲಷ್ಟೇ ಬೆಳೆವ ಮಕ್ಕಳು ಊರಿಗೆ ಅಪರಿಚಿತರಾಗಿಬಿಡುತ್ತಾರೆ. ಠಾಣೆಯ ಮುಂದಿನ ಸ್ಟೇಷನ್ ಕಳವಾ. ಅಲ್ಲಿನ ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳಲು ಗೇಬ್ರಿಯಲ್ ಪ್ರಾಜೆಕ್ಟ್ ಮುಂಬೈ ಎಂಬ ಸಂಸ್ಥೆಯ ಮೂಲಕ ಹೊರದೇಶಗಳ ಯಹೂದಿ ತರುಣರು ಬಂದಿದ್ದಾರೆ. ಮರಾಠಿ, ಹಿಂದಿ ನೀರು ಕುಡಿದಷ್ಟು ಸಲೀಸಾಗಿ ಆಡುವ ಠಾಣೆಯ ಯಹೂದಿ ಮಕ್ಕಳು ಆ ಕೆಲಸದ ಮುಂದಾಳುಗಳೇ ಆಗಬಲ್ಲರು. ತಮ್ಮ ಊರಿನಲ್ಲಿ ತಾವೇ ಆತಿಥೇಯರಾಗಿ ನಿಲ್ಲುವ ಈ ಅನುಭವ ಇವರಿಗೆ ಇಲ್ಲಿಯವರೆಗೆ ಹೆಚ್ಚು ಸಿಕ್ಕಿಲ್ಲ.

ನಾಯಕತ್ವದ ತೊಡಕು ದೊಡ್ಡದು. ಇಪ್ಪತ್ತು ದಾಟಿದ ಮುಂದಾಳು ವಲಸೆಯೋ ನೌಕರಿಯೋ ಎಂದು ಹೊರಟರೆ ಗುಂಪು ಚದುರುತ್ತದೆ. ಹದಿನೈದು, ಹದಿನಾರರವರಿಗೇ ಹೊಣೆ ವಹಿಸಿ, ಒಬ್ಬೊಬ್ಬರೂ ತನ್ನ ಮುಂದಿನವರನ್ನು ತಯಾರು ಮಾಡಿಯೇ ಹೊರಡಬೇಕೆಂಬ ಕಟ್ಟಳೆ ತರಬೇಕು. ಹೋದವರೂ ದೂರವಾಗಬೇಕಿಲ್ಲ. ಬೀರ್‌ಶೆಬಾ, ದಿಮೋನಾ, ಲೋದ್, ಅಶ್ದೋದ್‌ಗಳಲ್ಲಿ ನೆಲೆಸಿದ ಬೆನೆ ಇಸ್ರೇಲರು ಮನೆಯಲ್ಲಿ ಇನ್ನೂ ಮರಾಠಿ ಆಡುತ್ತಾರೆ. 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆಯನ್ನು ಇಸ್ರೇಲಿನಲ್ಲೇ ಹೊರತಂದರು. ಅಲ್ಲಿನ ಅಜ್ಜಿ ಡೊಂಬಿವಲಿಯ ಗುಂಪಿಗೆ ವಿಡಿಯೊ ಕರೆಯಲ್ಲಿ ಹಳೆಯ ಮರಾಠಿ ಕೀರ್ತನೆಯೊಂದನ್ನು ಹೇಳಿಕೊಡಲು ಹಣವೂ ಬೇಡ, ದೂತರೂ ಬೇಡ. ಚಳವಳಿಯ ಭಾಷೆಯಾಗಿ ಇಂಗ್ಲಿಷಿನ ಬದಲು ಮರಾಠಿಯನ್ನು ಮೊದಲಿಗಿಟ್ಟರೆ, ಉಳಿದವರಿಗೂ ಹೋದವರಿಗೂ ಅದೊಂದೇ ಸಾಕಾಗುತ್ತದೆ.