ಸಂಪನ್ಮೂಲ ಹಂಚಿಕೆ

ಬೇಡಿಕೆಯಷ್ಟು ಪೂರೈಕೆ ಇಲ್ಲದಾಗ, ಇರುವುದನ್ನು ಯಾರಿಗೆ, ಎಷ್ಟು, ಯಾವ ಕ್ರಮದಲ್ಲಿ ಕೊಡಬೇಕೆಂದು ತೀರ್ಮಾನಿಸುವ ವ್ಯವಸ್ಥೆ. ನೀರು, ಹಣ, ವೈದ್ಯರು, ಆಸ್ಪತ್ರೆಯ ಹಾಸಿಗೆ, ದಾನವಾಗಿ ಬಂದ ಮೂತ್ರಪಿಂಡ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ತಾಲೂಕುಗಳಲ್ಲಿ, ಬಳಗಾನೂರಿನಂಥ ಊರುಗಳಲ್ಲಿ, ಇದು ಕಾಲುವೆಗೆ ನೀರು ಬಿಡುವಾಗಲೆಲ್ಲ ಏಳುವ ಪ್ರಶ್ನೆ.

ಅಳತೆಗೋಲುಗಳು: ಹಂಚಿಕೆಗೆ ಸಾಮಾನ್ಯವಾಗಿ ನಾಲ್ಕು ಆಧಾರಗಳಿವೆ: ಸಮಪಾಲು, ಅಗತ್ಯ, ಪ್ರಯೋಜನ, ಸರದಿ. ಯಾವುದೂ ಒಂಟಿಯಾಗಿ ಸಾಲದು. ಸಮಪಾಲು ಹಾಕಿದರೆ ಹೆಚ್ಚು ನೊಂದವರಿಗೆ ಕಡಿಮೆಯಾಗುತ್ತದೆ. ಸರದಿಯನ್ನೇ ನಂಬಿದರೆ ದೂರದಿಂದ ಬರುವವರು ಯಾವಾಗಲೂ ಹಿಂದೆ ಉಳಿಯುತ್ತಾರೆ. ಗಾಯಾಳುಗಳನ್ನು ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ವಿಂಗಡಿಸುವ ಪದ್ಧತಿಗೆ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ರೂಪ ಕೊಟ್ಟನು. ಇಂದಿನ ತುರ್ತು ಚಿಕಿತ್ಸಾ ಘಟಕಗಳು ಅದೇ ತತ್ತ್ವದ ಮೇಲೆ ನಡೆಯುತ್ತವೆ.

ಕಾಲುವೆಯ ನಿದರ್ಶನ: ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಕೊಪ್ಪಳ ಜಿಲ್ಲೆಯನ್ನು ದಾಟಿ ಸಿಂಧನೂರು, ಮಾನ್ವಿ, ರಾಯಚೂರಿನ ಕಡೆಗೆ ಸಾಗುತ್ತದೆ. ಕಡಿಮೆ ನೀರಿನಲ್ಲಿ ಹೆಚ್ಚು ಭೂಮಿಗೆ ಆಸರೆಯಾಗಲೆಂದು ಇದನ್ನು ಯೋಜಿಸಿದ್ದು. ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳೇ ಮುಖ್ಯ, ಭತ್ತಕ್ಕೆ ಸಣ್ಣ ಪಾಲು ಎಂಬುದು ಮೂಲ ಲೆಕ್ಕ. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ 2016ರ ಸಮೀಕ್ಷೆಯ ಹೊತ್ತಿಗೆ 105.788 ಟಿಎಂಸಿಗೆ ಇಳಿಯಿತು. ಎರಡರ ಹೊರೆಯೂ ಬಿದ್ದದ್ದು ಕೊನೆ ಭಾಗದ ರೈತರ ಮೇಲೆ.

ಯಾವ ಬೆಳೆಗೆ ಎಂದಿನಿಂದ ಎಂದಿನವರೆಗೆ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿಗದಿ ಮಾಡುತ್ತದೆ. ತೀರ್ಮಾನ ಸಭೆಯಲ್ಲಾದರೂ ಅದರ ನಿಜವಾದ ಪರೀಕ್ಷೆ ನಡೆಯುವುದು ಕಾಲುವೆಯ ಗೇಜ್ ಮುಂದೆ. 69ನೇ ಮೈಲು, 104ನೇ ಮೈಲುಗಳಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂದು ಕೆಳಭಾಗದ ರೈತರು ಕೇಳುತ್ತಲೇ ಇರುತ್ತಾರೆ. ಮೇಲೆ ಒಂದು ಅಕ್ರಮ ಪಂಪ್‌ಸೆಟ್ ಓಡಿದರೂ ಕೆಳಗಿನ ತೂಬಿನಲ್ಲಿ ನೀರು ಇಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಲು ಕಾಲುವೆಗೆ ನೀರು ಬಿಟ್ಟಾಗ ದಂಡೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಕಾವಲು ಇಡುವುದುಂಟು. ಬೆಳೆಗಿಂತ ಬಾಯಾರಿಕೆ ಮೊದಲು ಎಂಬ ನಿಯಮಕ್ಕೂ ಕಾವಲು ಬೇಕಾಗುತ್ತದೆ.

ಆರೋಗ್ಯ ಕ್ಷೇತ್ರ: ಬಯಲು ಪ್ರದೇಶದಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೊಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ಇದು ತಲೆ ಎಣಿಕೆಯ ಹಂಚಿಕೆ. ಕಟ್ಟಡವಿದ್ದು ವೈದ್ಯರಿಲ್ಲದಿದ್ದರೆ ಮಾನದಂಡ ಕಾಗದದ ಮೇಲಷ್ಟೇ ಪೂರ್ಣಗೊಂಡಂತೆ. ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ ಮುಖ್ಯವಾಗುವುದು ರಾತ್ರಿ ಬಾಗಿಲು ತೆರೆಯುವ ಆಸ್ಪತ್ರೆ ಎಷ್ಟು ದೂರವಿದೆ ಎಂಬುದು.

ಕೊರತೆ ತೀವ್ರವಾದಾಗ ಹಂಚಿಕೆ ಜೀವನ್ಮರಣದ ಮಾತಾಗುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ 5ರಂದು, ರಾಜ್ಯದ ದಿನದ ಆಮ್ಲಜನಕದ ಪಾಲನ್ನು 965 ಟನ್‌ನಿಂದ 1,200 ಟನ್‌ಗೆ ಏರಿಸುವಂತೆ ಕರ್ನಾಟಕ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು; ಸುಪ್ರೀಂ ಕೋರ್ಟ್ ಅದನ್ನು ತಡೆಯಲಿಲ್ಲ. ಅಂಗಾಂಗ ದಾನದಲ್ಲಿ ಹಂಚಿಕೆಯ ಹೊಣೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯದು. ರಕ್ತದ ಗುಂಪು, ನೋಂದಣಿಯ ಸರದಿಗಳನ್ನು ಮೊದಲೇ ದಾಖಲಿಸಿದ ಪಟ್ಟಿ ಇರುವುದರಿಂದ, ಅಂಗ ದೊರೆತ ಗಳಿಗೆಯಲ್ಲಿ ಶಿಫಾರಸಿಗೆ ಎಡೆ ಇರುವುದಿಲ್ಲ.

ಪ್ರಾದೇಶಿಕ ಹಂಚಿಕೆ: ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆಯಿತು. ಜನಸಂಖ್ಯೆಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ ಎಂಬುದೂ ಆ ಲೆಕ್ಕದಲ್ಲಿತ್ತು. 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿ, 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸೂಚಿಸಿತು. ಮುಂದೆ ಸಂವಿಧಾನದ 371ಜೆ ವಿಧಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಪಾಲನ್ನೂ ತಂದಿತು. ಹಿಂದುಳಿದಿರುವಿಕೆ ಅನುಕಂಪದ ಮಾತಾಗಿ ಉಳಿಯದೆ ಅಳೆಯಬಲ್ಲ ಹಕ್ಕಾದದ್ದು ಈ ಹಾದಿಯ ದೊಡ್ಡ ಗಳಿಕೆ.

ಉತ್ತಮ ಹಂಚಿಕೆಯ ಲಕ್ಷಣಗಳು: ನಿಯಮ ಕೊರತೆಗೆ ಮುಂಚೆಯೇ ಗೊತ್ತಿರಬೇಕು, ಅಳತೆ ಎಲ್ಲರ ಕಣ್ಣಿಗೆ ಕಾಣಬೇಕು, ತಪ್ಪಿದಾಗ ದೂರು ಕೇಳುವವರಿರಬೇಕು. ಪಟ್ಟಣ ಪಂಚಾಯಿತಿಯ ಬಜೆಟ್ಟಿಗೂ ಆಸ್ಪತ್ರೆಯ ಔಷಧ ದಾಸ್ತಾನಿಗೂ ಇದೇ ಮಾತು ಸಲ್ಲುತ್ತದೆ. ಮೇಲ್ಭಾಗದ ಗದ್ದೆ ಎಷ್ಟು ಹಸಿರಾಗಿದೆ ಎಂದು ನೋಡಿ ಕಾಲುವೆಯನ್ನು ಮೆಚ್ಚಲಾಗದು. ಕಟ್ಟಕಡೆಯ ತೂಬಿನಲ್ಲಿ ನೀರು ಹರಿದ ದಿನವೇ ಹಂಚಿಕೆ ಆಯಿತೆನ್ನಬೇಕು.